ಒಗಟಿನ ಕಟ್ಟೆ: ಮಗನಿಗೆ ನಿಧಿಯ ಹುಚ್ಚು ಹಿಡಿದಿದೆಯೇ?

ಕಳೆದ ತಿಂಗಳು ಈ ಕಟ್ಟೆಯಲ್ಲಿ ಜಾಗ ಹುಡುಕುವ ಒಗಟೊಂದನ್ನು ಇಟ್ಟಿದ್ದೆ. ಉತ್ತರಗಳ ಜೊತೆಗೆ ಪ್ರಶ್ನೆಗಳೂ ರಾಶಿ ಬಂದವು. ಅಷ್ಟೂ ನಿಧಿಯ ಸುತ್ತಮುತ್ತಲೇ! ಹಾಗಾಗಿ ಈ ಸಲದ ಕಟ್ಟೆ ಪೂರ್ತಿ ಅದಕ್ಕೇ ಮೀಸಲು. ಒಗಟಿನ ಉತ್ತರ ಕಡೆಯಲ್ಲಿದೆ. ಮೊದಲು ಅಲ್ಲಿಗೇ ಹಾರುವವರನ್ನು ತಡೆಯುವ ಶಕ್ತಿ ನನಗಿಲ್ಲ.

ಪ್ರಶ್ನೆ: ಅಕ್ಕಾ, ನನ್ನ ಮಗ ಹ್ಯೂಸ್ಟನ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಕೆಲವು ತಿಂಗಳಿಂದ ರಾತ್ರಿ ಊಟವಾದ ಮೇಲೆ ಕಂಪ್ಯೂಟರ್ ಮುಂದೆ ಕೂತು, ಮುಖವನ್ನೇ ನೋಡಿರದ ಹತ್ತಾರು ಜನರ ಜೊತೆ ಯಾವುದೋ ಹಳೇ ಪುಸ್ತಕದ ಚಿತ್ರ, ಪದ್ಯ ಇಟ್ಟುಕೊಂಡು ನಿಧಿ ಹುಡುಕುತ್ತಾನಂತೆ. ಸೊಸೆ ಫೋನಿನಲ್ಲಿ ನಗುನಗುತ್ತಾ ಹೇಳಿದಳು. ನನಗೆ ನಗು ಬರಲಿಲ್ಲ. ನಮ್ಮ ಕಡೆ ನಿಧಿ ಅಂದರೆ ಮಾಟ, ಬಲಿ, ಪೊಲೀಸು. ಏನಿದು?
– ಗೃಹಿಣಿ, ಹೊಳೆನರಸೀಪುರ

ಉತ್ತರ: ತಾಯೀ, ಮೊದಲು ಒಂದು ಲೋಟ ನೀರು ಕುಡಿಯಿರಿ. ನಿಮ್ಮ ಮಗ ಹುಡುಕುತ್ತಿರುವುದು ಯಾರೋ ರಾಜ ಹೂತಿಟ್ಟ ಕೊಪ್ಪರಿಗೆಯನ್ನಲ್ಲ. ನೀವು ಹೇಳುವ ಲಕ್ಷಣ ನೋಡಿದರೆ ಅದು ಬೈರನ್ ಪ್ರೈಸ್ ಎಂಬ ಅಮೆರಿಕದ ಪ್ರಕಾಶಕರು 1982ರಲ್ಲಿ ಹೊರತಂದ ‘ದಿ ಸೀಕ್ರೆಟ್’ ಎಂಬ ಪುಸ್ತಕವೇ ಇರಬೇಕು. ಅದರಲ್ಲಿ ಹನ್ನೆರಡು ವರ್ಣಚಿತ್ರ, ಹನ್ನೆರಡು ಪದ್ಯ. ಯಾವ ಚಿತ್ರಕ್ಕೆ ಯಾವ ಪದ್ಯ ಅಂತ ಪುಸ್ತಕ ಹೇಳುವುದಿಲ್ಲ, ಜೋಡಿ ಮಾಡಿಕೊಳ್ಳುವುದು ಓದುಗರ ಪಾಡು. ಸರಿಯಾದ ಜೋಡಿ ಒಂದು ಊರನ್ನೂ ಆ ಊರಿನ ಒಂದು ಮೂಲೆಯನ್ನೂ ತೋರಿಸುತ್ತದೆ. ಅಲ್ಲಿ ಅಗೆದರೆ ಪಿಂಗಾಣಿಯ ಪುಟ್ಟ ಪೆಟ್ಟಿಗೆ, ಅದರೊಳಗೆ ಒಂದು ಕೀಲಿ. ಕೀಲಿ ತಂದುಕೊಟ್ಟವರಿಗೆ ಒಂದು ರತ್ನ. ಅದರ ಬೆಲೆ ಆಗಿನ ಕಾಲಕ್ಕೆ ಸುಮಾರು ಸಾವಿರ ಡಾಲರ್. ಅಂದರೆ ನಿಮ್ಮ ಮಗ ಗೆದ್ದರೂ ಕೆಲಸ ಬಿಡುವಷ್ಟು ಶ್ರೀಮಂತನಾಗುವುದಿಲ್ಲ. ಧೈರ್ಯವಾಗಿರಿ.

ಹನ್ನೆರಡರಲ್ಲಿ ಇದುವರೆಗೆ ಮೂರು ಸಿಕ್ಕಿವೆ. 1983ರಲ್ಲಿ ಚಿಕಾಗೋದ ಗ್ರ್ಯಾಂಟ್ ಪಾರ್ಕಿನಲ್ಲಿ ಒಂದು, ಅದನ್ನು ಅಗೆದವರು ಮೀಸೆ ಮೂಡುವ ವಯಸ್ಸಿನ ಹುಡುಗರು. ಎರಡನೆಯದು ಇಪ್ಪತ್ತೊಂದು ವರ್ಷ ಬಿಟ್ಟು, 2004ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ. ಮೂರನೆಯದು 2019ರಲ್ಲಿ ಬಾಸ್ಟನ್ನಿನಲ್ಲಿ, ಆಟದ ಮೈದಾನವೊಂದರ ದುರಸ್ತಿಗೆ ಯಂತ್ರಗಳು ನೆಲ ಕೆದಕುತ್ತಿದ್ದಾಗ. ಅಲ್ಲಿ ಒಗಟು ಬಿಡಿಸಿದವನು ಕೆಲಸಗಾರರಿಗೆ ಮೊದಲೇ ವಿಷಯ ತಿಳಿಸಿಟ್ಟಿದ್ದ.

ಕ್ಲೀವ್‌ಲ್ಯಾಂಡಿನ ಕಥೆ ನನಗೆ ಬಹಳ ಇಷ್ಟ. ಪದ್ಯದಲ್ಲಿ ಸಾಕ್ರಟೀಸ್, ಪಿಂಡಾರ್, ಅಪೆಲೀಸ್ ಎಂದು ಮೂರು ಹೆಸರು ಬರುತ್ತವೆ. ಒಬ್ಬ ತತ್ತ್ವಜ್ಞಾನಿ, ಒಬ್ಬ ಕವಿ, ಒಬ್ಬ ಚಿತ್ರಕಾರ, ಮೂವರೂ ಗ್ರೀಕರು. ಮನೆಯಲ್ಲಿ ಕೂತು ಗ್ರೀಕ್ ಪುರಾಣವನ್ನೆಲ್ಲ ಜಾಲಾಡಿದರೂ ಇಲ್ಲಿಂದ ಮುಂದೆ ದಾರಿಯಿಲ್ಲ. ಆದರೆ ಕ್ಲೀವ್‌ಲ್ಯಾಂಡಿನಲ್ಲಿ ಬೇರೆಬೇರೆ ದೇಶಗಳಿಂದ ಬಂದು ನೆಲೆಸಿದವರ ಹೆಸರಿನಲ್ಲಿ ಸಾಲು ತೋಟಗಳಿವೆ. ಅದರಲ್ಲಿ ಗ್ರೀಕರ ತೋಟದ ಗೋಡೆಯ ಮೇಲೆ ಈ ಹೆಸರುಗಳನ್ನು ಕೆತ್ತಿದ್ದಾರೆ. ಆ ಗೋಡೆ ಗೊತ್ತಿದ್ದರೆ ಒಗಟು ಅರ್ಧ ಬಿಡಿಸಿದ ಹಾಗೆ. ಆನ್‌ಲೈನಿನಲ್ಲಿ ಜೊತೆಯಾದ ಹುಡುಕಾಟಗಾರರು ಆ ಗೋಡೆಯನ್ನು ಹಿಡಿದರು, ಕಲ್ಲಿನ ಸಾಲುಗಳನ್ನು ಪದ್ಯ ಹೇಳಿದಂತೆ ಎಣಿಸಿದರು, ಅಗೆದರು.

ನಾನು ಬರೆಯುವುದಕ್ಕೆ ಬರುವ ಮೊದಲು ಅಂಚೆ ಇಲಾಖೆಯಲ್ಲಿದ್ದೆ, ವಿಂಗಡಣೆ ವಿಭಾಗದಲ್ಲಿ. ‘ಗೌಡರ ತಮ್ಮನಿಗೆ, ಟೂರಿಂಗ್ ಟಾಕೀಸ್ ಹಿಂದೆ’ ಅನ್ನುವಂಥ ವಿಳಾಸಗಳು ದಿನಾ ಕೈಗೆ ಬರುತ್ತಿದ್ದವು. ಟಾಕೀಸು ಕಿತ್ತುಹೋಗಿ ಎಷ್ಟೋ ವರ್ಷವಾಗಿರುತ್ತಿತ್ತು. ನಾವು ನಾಲ್ಕು ಜನ ಓದಿದವರು ಆ ಲಕೋಟೆಯನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದರೆ, ಬೀಟಿಗೆ ಹೊರಟ ಪೋಸ್ಟ್‌ಮ್ಯಾನ್ ಒಬ್ಬರು ಭುಜದ ಮೇಲಿಂದ ಇಣುಕಿ ‘ಇದು ನನ್ನದು ಕೊಡಿ’ ಅಂತ ಎಳೆದುಕೊಂಡು ಹೋಗುತ್ತಿದ್ದರು. ನಿಮ್ಮ ಮಗನ ಗುಂಪಿಗೆ ಬೇಕಾಗಿರುವುದು ಅಂಥ ಪೋಸ್ಟ್‌ಮ್ಯಾನ್.

ಯಾಕೆ ಹೇಳಿದೆ ಅಂದರೆ, ಹ್ಯೂಸ್ಟನ್ನಿನದು ಅನ್ನಲಾಗುವ ಪದ್ಯದಲ್ಲಿ ಒಂಬತ್ತು-ಎಂಟು-ಎರಡು ಎಂಬ ಸಂಖ್ಯೆ ಬರುತ್ತದೆ. ಅಲ್ಲಿನ ಹರ್ಮನ್ ಪಾರ್ಕಿನಲ್ಲಿ 982 ನಂಬರಿನ ಹಳೇ ಉಗಿ ಎಂಜಿನ್ ಪ್ರದರ್ಶನಕ್ಕೆ ನಿಂತಿತ್ತು. ಅದೇ ಪದ್ಯದ ‘ಸಿಂಹ ಹೆದರದ ಕಾಡು’ ಅಂದರೆ ಅದೇ ಪಾರ್ಕಿನ ಮೃಗಾಲಯ, ‘ಪುಟ್ಟ ಅಳತೆ’ ಅಂದರೆ ಅಲ್ಲಿ ಓಡುವ ಮಕ್ಕಳ ರೈಲು ಅಂತ ಬಹುಪಾಲು ಹುಡುಕಾಟಗಾರರ ಲೆಕ್ಕ. ತೊಂದರೆ ಏನೆಂದರೆ 2005ರಲ್ಲಿ ಆ ಎಂಜಿನ್ನನ್ನು ಪಾರ್ಕಿನಿಂದ ಊರೊಳಕ್ಕೆ ಸಾಗಿಸಿದರು. ಪದ್ಯದ ಗುರುತಿನ ಕಂಬವೇ ಎದ್ದು ಹೋಯಿತು! ಈಗ ಆ ಜಾಗಕ್ಕೆ ಹೋಗಿ ನಿಂತವರಿಗೆ ಎಂಜಿನ್ ಕಾಣುವುದಿಲ್ಲ. ಆದ್ದರಿಂದ ಮಗನಿಗೆ ಹೇಳಿ: ಇನ್ನೂ ಹತ್ತು ಜನ ಇಂಜಿನಿಯರುಗಳನ್ನು ಸೇರಿಸಿಕೊಳ್ಳಬೇಡ. ಎಂಬತ್ತರ ದಶಕದಲ್ಲಿ ಮಕ್ಕಳನ್ನು ಆ ಪಾರ್ಕಿಗೆ ಕರೆದುಕೊಂಡು ಹೋದ ಅಜ್ಜಿಯೊಬ್ಬರನ್ನು ಹುಡುಕು, ಎಂಜಿನ್ ಮುಂದೆ ಮೊಮ್ಮಕ್ಕಳನ್ನು ನಿಲ್ಲಿಸಿ ತೆಗೆದ ಫೋಟೊ ಅವರ ಆಲ್ಬಮ್ಮಿನಲ್ಲಿ ಇದ್ದರೂ ಇರಬಹುದು. ಆಮೇಲೆ, ಪಾರ್ಕಿನವರ ಅನುಮತಿ ಇಲ್ಲದೆ ಒಂದು ಚಮಚ ಮಣ್ಣನ್ನೂ ಎತ್ತಕೂಡದು.

ಇನ್ನೊಂದು ಸಂಗತಿ ನಿಮಗೂ ಗೊತ್ತಿರಲಿ. ಪ್ರೈಸ್ 2005ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ‘ಬಿಸಿಯಾಗುತ್ತಿದೆ, ತಣ್ಣಗಾಗುತ್ತಿದೆ’ ಅಂತ ಸುಳಿವು ಕೊಡುವವರು ಈಗ ಯಾರೂ ಇಲ್ಲ. ಹುಡುಕುವವರು ಒಬ್ಬರಿಗೊಬ್ಬರು ಅಂಟಿಕೊಂಡಿರುವುದಕ್ಕೆ ಅದೂ ಕಾರಣ ಇದ್ದೀತು. ಮಗ ನಿದ್ದೆಗೆಟ್ಟು ಕೆಲಸಕ್ಕೆ ಚಕ್ಕರ್ ಹಾಕುವಂತಾದರೆ ಗದರಿಸಿ. ಅಲ್ಲಿಯವರೆಗೆ ಸೊಸೆಯ ಜೊತೆ ಸೇರಿ ನಗಬಹುದು.

ಪ್ರಶ್ನೆ: ನಮ್ಮ ಕಾಲೇಜಿನ ಫೆಸ್ಟ್‌ನಲ್ಲಿ ಆನ್‌ಲೈನ್ ಟ್ರೆಷರ್ ಹಂಟ್ ಇತ್ತು. ಐದು ಜನರ ತಂಡ ನಮ್ಮದು, ಐವರೂ ಚುರುಕು. ಆದರೂ ಮೂರನೇ ಸುತ್ತಿನಲ್ಲೇ ಮಕಾಡೆ ಮಲಗಿದೆವು. ಒಬ್ಬೊಬ್ಬರದೂ ಒಂದೊಂದು ಉತ್ತರ, ಗ್ರೂಪಿನಲ್ಲಿ ಬರೀ ಜಗಳ. ಜೊತೆಗೂಡಿ ಬಿಡಿಸುವುದು ಹೇಗೆ ಮೇಡಂ?
– ಬಿ.ಇ. ವಿದ್ಯಾರ್ಥಿನಿ, ತುಮಕೂರು

ಉತ್ತರ: ಐವರೂ ಚುರುಕಾಗಿದ್ದೇ ತೊಂದರೆಯಾಗಿರಬಹುದು ಮಗಳೇ. ಒಂದು ಊಹೆ ಹೊಳೆದರೆ ಚುರುಕು ಜನ ಅದಕ್ಕೆ ಬೇಕಾದ ಪುರಾವೆಯನ್ನೆಲ್ಲ ಅರ್ಧ ಗಂಟೆಯಲ್ಲಿ ಜೋಡಿಸಿಬಿಡುತ್ತಾರೆ. ಸುಳಿವಿನಲ್ಲಿ ‘ಏಳು’ ಅಂತಿದ್ದರೆ ಸಪ್ತಸ್ವರ, ಸಪ್ತರ್ಷಿ, ಸಪ್ತಸಾಗರ ಎಲ್ಲವೂ ಹೊಂದುತ್ತವೆ. ಹೊಂದುವುದೇ ಸಾಕು ಅಂದುಕೊಂಡರೆ ಐದು ಜನಕ್ಕೆ ಐದು ಉತ್ತರ ಸಿಗದೆ ಇನ್ನೇನು?

ಅಮೆರಿಕದ ಎಂ.ಐ.ಟಿ.ಯಲ್ಲಿ 1981ರಿಂದ ಪ್ರತಿ ಜನವರಿಯಲ್ಲೂ ‘ಮಿಸ್ಟರಿ ಹಂಟ್’ ನಡೆಯುತ್ತದೆ. ಕ್ಯಾಂಪಸ್ಸಿನಲ್ಲಿ ಬಚ್ಚಿಟ್ಟ ನಾಣ್ಯವೊಂದನ್ನು ಹುಡುಕುವ ಆಟ. ಗೆದ್ದ ತಂಡಕ್ಕೆ ಸಿಗುವ ಬಹುಮಾನ ಏನು ಗೊತ್ತೇ? ಮುಂದಿನ ವರ್ಷದ ಒಗಟುಗಳನ್ನೆಲ್ಲ ಹೊಸೆಯುವ ಕೆಲಸ! ಅಲ್ಲಿ ದೊಡ್ಡ ದೊಡ್ಡ ತಂಡಗಳು, ಅರ್ಧ ಜನ ಬೇರೆ ಊರುಗಳಲ್ಲಿ ಕೂತು ಆನ್‌ಲೈನಿನಲ್ಲೇ ಸೇರುತ್ತಾರೆ. ಅಂಥ ತಂಡಗಳು ಮಾಡುವ ಮೊದಲ ಕೆಲಸ ಎಲ್ಲರೂ ಬರೆಯಬಹುದಾದ ಒಂದು ಹಂಚಿಕೆಯ ಶೀಟ್ ತೆರೆಯುವುದು. ವಾಟ್ಸಾಪಿನಲ್ಲಿ ಒಳ್ಳೆಯ ಊಹೆ ‘ಗುಡ್ ಮಾರ್ನಿಂಗ್’ ಕೆಳಗೆ ಹೂತುಹೋಗುತ್ತದೆ, ಶೀಟಿನಲ್ಲಿ ಹೋಗುವುದಿಲ್ಲ.

ನಿಮ್ಮ ಶೀಟಿನಲ್ಲಿ ‘ಯಾಕಲ್ಲ’ ಅಂತ ಒಂದು ಕಾಲಂ ಇರಲಿ. ಊಹೆ ಬರೆದವರು ಅದನ್ನು ತುಂಬಕೂಡದು, ಬೇರೆಯವರು ತುಂಬಬೇಕು. ಆ ಕಾಲಂ ಖಾಲಿ ಉಳಿದ ಊಹೆ ಮಾತ್ರ ಮುಂದಕ್ಕೆ. ಜಗಳವೂ ಕಮ್ಮಿಯಾಗುತ್ತದೆ, ಯಾಕೆಂದರೆ ‘ನಿನ್ನ ಉತ್ತರ ತಪ್ಪು’ ಅಂತ ಯಾರೂ ಹೇಳಬೇಕಾಗಿಲ್ಲ, ಕಾಲಂ ಹೇಳುತ್ತದೆ. ನಾನು ಪದಬಂಧ ಹೊಸೆಯುವವಳು, ಈ ರೋಗ ನನಗೂ ಗೊತ್ತು. ಎಡದಿಂದ ಬಲಕ್ಕೆ ಹಾಕಿದ ಪದದ ಮೇಲೆ ಮೋಹ ಹುಟ್ಟಿಬಿಟ್ಟರೆ, ಮೇಲಿನಿಂದ ಕೆಳಕ್ಕೆ ಬರುವ ಪದ ಕೂರದಿದ್ದಾಗ ಸುಳಿವಿನ ಮೇಲೇ ಅನುಮಾನ ಬರುತ್ತದೆ. ಒಗಟು ಕಟ್ಟಿದವರು ಪ್ರಾಮಾಣಿಕರಾಗಿದ್ದರೆ ಸರಿಯುತ್ತರಕ್ಕೆ ಎರಡನೇ ಕಡೆಯಿಂದ ತಾಳೆ ಸಿಗುವಂತೆ ಕಟ್ಟಿರುತ್ತಾರೆ. ತಾಳೆ ಸಿಗುವ ತನಕ ಅದು ಉತ್ತರವಲ್ಲ, ಆಸೆ.

ಇನ್ನೊಂದು ವಿಷಯ, ಕನ್ನಡದಲ್ಲೂ ಇಂಥ ಆಟ ಕಟ್ಟುವ ಯೋಚನೆ ಇದೆ ಅಂತ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಸಂತೋಷ! ಆದರೆ ಅಕ್ಷರ ಎಣಿಸುವ ಒಗಟು ಮಾಡುವಾಗ ಎಚ್ಚರ. ‘ಸಂಸ್ಕೃತಿ’ ನನ್ನ ಪದಬಂಧದಲ್ಲಿ ಮೂರು ಮನೆ: ಸಂ, ಸ್ಕೃ, ತಿ. ಕಂಪ್ಯೂಟರಿಗೆ ಎಣಿಸಲು ಹೇಳಿದರೆ ಎಂಟು ಅನ್ನುತ್ತದೆ. ಸೊನ್ನೆ ಒಂದು, ಒತ್ತಿಗಾಗಿ ಹಾಕುವ ವಿರಾಮ ಒಂದು, ಗುಣಿತದ ಗುರುತೊಂದು, ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ‘ಪ್ರತಿ ಸಾಲಿನ ಐದನೇ ಅಕ್ಷರ ತೆಗೆದುಕೊಳ್ಳಿ’ ಅಂತ ಹೇಳಿ, ಯಾರ ಲೆಕ್ಕದ ಐದನೆಯದು ಅಂತ ಹೇಳದಿದ್ದರೆ ತಂಡಗಳು ನಿಮ್ಮನ್ನು ಹಾಸ್ಟೆಲ್‌ವರೆಗೂ ಅಟ್ಟಿಸಿಕೊಂಡು ಬರುತ್ತವೆ.

ನಮ್ಮ ಭಾಷೆಗೆ ಇಂಥ ಮನೆ ಎಣಿಸುವ ಆಟ ಹೊಸದಲ್ಲ ಬಿಡಿ. ಕುಮುದೇಂದು ಮುನಿಯ ಹೆಸರಿನ ‘ಸಿರಿಭೂವಲಯ’ದಲ್ಲಿ ಅಕ್ಷರಗಳೇ ಇಲ್ಲ. ಉದ್ದಕ್ಕೆ 27, ಅಡ್ಡಕ್ಕೆ 27 ಮನೆಗಳ ಚೌಕ, ಮನೆ ತುಂಬ 1ರಿಂದ 64ರವರೆಗಿನ ಅಂಕಿಗಳು. ಯಾವ ಮನೆಯಿಂದ ಯಾವ ಮನೆಗೆ ಜಿಗಿಯಬೇಕು ಅನ್ನುವ ಬಂಧ ತಿಳಿದರೆ ಪದ್ಯ ಏಳುತ್ತದೆ. ಅದರ ಕಾಲದ ಬಗ್ಗೆ ವಿದ್ವಾಂಸರ ಜಗಳ ಮುಗಿದಿಲ್ಲ. ನಾನು ಆ ಜಗಳಕ್ಕೆ ಇಳಿಯುವುದಿಲ್ಲ. ಚೌಕವನ್ನು ಒಮ್ಮೆ ನೋಡಿ, ಸಾಕು.

ಪ್ರಶ್ನೆ: ಆನ್‌ಲೈನಿನಲ್ಲಿ ಎಲ್ಲರೂ ಸೇರಿ ಒಗಟು ಬಿಡಿಸುತ್ತಾರೆ ಸರಿ. ಕಟ್ಟಕಡೆಯ ಸುಳಿವು ಸಿಕ್ಕವನು ಬಾಯಿ ಮುಚ್ಚಿಕೊಂಡು ಒಬ್ಬನೇ ಹೋಗಿ ಬಹುಮಾನ ಹೊಡೆದುಕೊಂಡರೆ? ಇದಕ್ಕೆ ನ್ಯಾಯ ಎಲ್ಲಿ?
– ನಿವೃತ್ತ ಬ್ಯಾಂಕ್ ನೌಕರ, ಬಳ್ಳಾರಿ

ಉತ್ತರ: ಬ್ಯಾಂಕಿನವರಿಗೆ ಮೊದಲು ಜಂಟಿ ಖಾತೆಯ ಚಿಂತೆಯೇ ಬರುವುದು ಸಹಜ ಸಾರ್. ನ್ಯಾಯ ಇಲ್ಲ. ಇಂಟರ್‌ನೆಟ್ ಬರುವ ಮೊದಲೂ ಇರಲಿಲ್ಲ, ಕೇಳಿ.

1979ರಲ್ಲಿ ಇಂಗ್ಲೆಂಡಿನ ಕಿಟ್ ವಿಲಿಯಮ್ಸ್ ಎಂಬ ಚಿತ್ರಕಾರ ‘ಮಾಸ್ಕರೇಡ್’ ಎಂಬ ಚಿತ್ರಪುಸ್ತಕ ಬರೆದು, ಚಿನ್ನದ ಮೊಲವೊಂದನ್ನು ಮಾಡಿ ಹೂತಿಟ್ಟ. ಲೋಹಶೋಧಕಕ್ಕೆ ಸಿಗದಿರಲಿ ಅಂತ ಅದನ್ನು ಮಣ್ಣಿನ ಪೆಟ್ಟಿಗೆಯಲ್ಲಿ ಮುಚ್ಚಿದ್ದ. ಹೂತದ್ದು ಬೆಡ್‌ಫರ್ಡ್‌ಷೈರಿನ ಆಂಪ್ಟ್‌ಹಿಲ್ ಎಂಬಲ್ಲಿ, ಎಂಟನೇ ಹೆನ್ರಿಯ ಮೊದಲ ಹೆಂಡತಿ ಕ್ಯಾಥರೀನಳ ನೆನಪಿನ ಶಿಲುಬೆಯ ಹತ್ತಿರ. ಹಗಲು ರಾತ್ರಿ ಸಮನಾಗುವ ದಿನ ನಡುಮಧ್ಯಾಹ್ನ ಶಿಲುಬೆಯ ನೆರಳ ತುದಿ ಎಲ್ಲಿ ಬೀಳುತ್ತದೋ ಅಲ್ಲಿ. ಪುಸ್ತಕದಲ್ಲಿ ಇದು ಅಡಗಿದ್ದ ರೀತಿ ಇನ್ನೂ ಚಂದ: ಚಿತ್ರದಲ್ಲಿರುವ ಪ್ರತಿ ಪ್ರಾಣಿ, ಮನುಷ್ಯನ ಕಣ್ಣಿನಿಂದ ಶುರುಮಾಡಿ, ಉದ್ದನೆಯ ಬೆರಳಿನ ಮೂಲಕ ಗೆರೆ ಎಳೆದರೆ ಅಂಚಿನಲ್ಲಿರುವ ಒಂದು ಅಕ್ಷರಕ್ಕೆ ಹೋಗಿ ಮುಟ್ಟುತ್ತದೆ. ಅಕ್ಷರ ಕೂಡಿಸಿದರೆ ಪದ, ಪದ ಕೂಡಿಸಿದರೆ ವಾಕ್ಯ.

ಇಬ್ಬರು ಭೌತಶಾಸ್ತ್ರದ ಮೇಷ್ಟ್ರುಗಳು ಜೊತೆಗೂಡಿ ಈ ಗೆರೆಗಳ ಗುಟ್ಟು ಹಿಡಿದರು. ಆ ಜಾಗಕ್ಕೆ ಹೋಗಿ ಅಗೆದೂ ಬಂದರು, ಆದರೆ ಮೊಲ ಕಣ್ಣಿಗೆ ಬೀಳಲಿಲ್ಲ. 1982ರಲ್ಲಿ ಬೇರೊಬ್ಬ ಸುಳ್ಳು ಹೆಸರಿನಲ್ಲಿ ವಿಲಿಯಮ್ಸ್‌ಗೆ ಒರಟು ನಕ್ಷೆಯೊಂದನ್ನು ಕಳಿಸಿ ಮೊಲ ತನ್ನದಾಗಿಸಿಕೊಂಡ. ಮೇಷ್ಟ್ರುಗಳ ಪೂರ್ತಿ ಬಿಡಿಸಿದ ಉತ್ತರ ವಿಲಿಯಮ್ಸ್‌ನ ಕೈ ಸೇರಿದ್ದು ಅದಾದ ಮೇಲೆ. ಆರು ವರ್ಷ ಕಳೆದು, 1988ರಲ್ಲಿ ಲಂಡನ್ನಿನ ‘ಸಂಡೇ ಟೈಮ್ಸ್’ ಬಯಲು ಮಾಡಿತು: ಗೆದ್ದವನು ಒಗಟನ್ನು ಬಿಡಿಸಿಯೇ ಇರಲಿಲ್ಲ. ಚಿತ್ರಕಾರನ ಹಿಂದಿನ ಗೆಳತಿಯ ಕಡೆಯಿಂದ ಊರಿನ ಸುಳಿವು ಅವನಿಗೆ ತಲುಪಿತ್ತು. ಅದೇ ವರ್ಷ ಮೊಲ ಹರಾಜಿನಲ್ಲಿ 31,900 ಪೌಂಡಿಗೆ ಹೋಯಿತು. ಮೇಷ್ಟ್ರುಗಳಿಗೆ ಬಿಡಿಸಿದ ಹೆಮ್ಮೆಯೊಂದೇ.

ನೀವು ಕೇಳಿದ ಆನ್‌ಲೈನ್ ಕಾಲಕ್ಕೆ ಬಂದರೆ 2012ರ ಜನವರಿಯಲ್ಲಿ ಇಂಟರ್‌ನೆಟ್‌ನಲ್ಲಿ ಕಾಣಿಸಿಕೊಂಡ ‘ಸಿಕಾಡಾ 3301’ ಎಂಬ ಒಗಟಿದೆ. ಅದು ಬಲು ತರಲೆ. ಒಂದು ಚಿತ್ರದೊಳಗೆ ಗುಪ್ತ ಸಂದೇಶ, ಅದನ್ನು ಬಿಡಿಸಿದರೆ ಮತ್ತೊಂದು, ಹಾಗೇ ಮುಂದುವರಿದು ಭೂಪಟದ ಮೇಲಿನ ಬಿಂದುಗಳು. ಬೇರೆ ಬೇರೆ ದೇಶಗಳ ಊರುಗಳಲ್ಲಿ ದೀಪದ ಕಂಬಗಳಿಗೆ ಪೋಸ್ಟರ್ ಅಂಟಿಸಿದ್ದರು. ಒಬ್ಬನೇ ಮನುಷ್ಯ ವಾರ್ಸಾದ ಕಂಬವನ್ನೂ ಸೋಲ್‌ನ ಕಂಬವನ್ನೂ ಹೇಗೆ ನೋಡಿಯಾನು? ಆಯಾ ಊರಿನವರು ಹೋಗಿ ಫೋಟೊ ತೆಗೆದು ಹಂಚಿಕೊಂಡರು. ಎಲ್ಲರ ಸಹಾಯದಿಂದ ಅಲ್ಲಿಯವರೆಗೆ ಬಂದ ಮೇಲೆ ಒಗಟು ಕಟ್ಟಿದವರು ಬಾಗಿಲು ಹಾಕಿಕೊಂಡು, ತಮಗೆ ಬೇಕಾದವರು ಸ್ವಂತ ಬಲದವರು, ಹಿಂಬಾಲಿಸುವವರಲ್ಲ ಅನ್ನುವ ಅರ್ಥದ ಮಾತು ಹೇಳಿದರು. ಕಂಬಗಳನ್ನು ಊರೂರಿಗೆ ಹಂಚಿದವರೇ ಹೀಗಂದರೆ! ನನಗೆ ಅದು ಶುದ್ಧ ಅಧಿಕಪ್ರಸಂಗ ಅನ್ನಿಸುತ್ತದೆ. 2014ರಲ್ಲಿ ಅವರೇ ಬಿಟ್ಟ, ರೂನ್ ಎಂಬ ಯುರೋಪಿನ ಹಳೇ ಲಿಪಿಯ ಪುಟಗಳಲ್ಲಿ ಹೆಚ್ಚಿನವು ಇನ್ನೂ ಬಿಡಿಸದೆ ಬಿದ್ದಿವೆ. ಬಲಶಾಲಿಗಳು ಎಲ್ಲಿ ಹೋದರೋ.

ನಿಮ್ಮ ಗುಂಪಿಗೆ ನನ್ನ ಸಲಹೆ ಒಂದೇ: ಶುರುವಿನಲ್ಲೇ, ಏನೂ ಸಿಗದಿರುವಾಗಲೇ, ಪಾಲಿನ ಮಾತು ಬರವಣಿಗೆಯಲ್ಲಿ ಆಗಲಿ. ಸಿಕ್ಕ ಮೇಲೆ ಕೂತು ಮಾತಾಡಿದರೆ ಏನಾಗುತ್ತದೆ ಅನ್ನುವುದನ್ನು ಬ್ಯಾಂಕಿನವರಿಗೆ ನಾನು ಹೇಳಬೇಕೇ?

ಪ್ರಶ್ನೆ: ನಿಧಿ ಹುಡುಕಲು ಹೋಗಿ ಅಮೆರಿಕದಲ್ಲಿ ಜನ ಸತ್ತರಂತೆ, ನಿಜವೇ?
– ಓದುಗ, ಗೋಕಾಕ

ಉತ್ತರ: ನಿಜ. ಫಾರೆಸ್ಟ್ ಫೆನ್ ಎಂಬ ಸಾಂತಾ ಫೆಯ ಕಲಾವಸ್ತು ವ್ಯಾಪಾರಿ ಕಂಚಿನ ಪೆಟ್ಟಿಗೆಯಲ್ಲಿ ಚಿನ್ನ, ಒಡವೆ ತುಂಬಿ ರಾಕಿ ಪರ್ವತಗಳಲ್ಲಿ ಬಚ್ಚಿಟ್ಟು, 2010ರಲ್ಲಿ 24 ಸಾಲಿನ ಪದ್ಯ ಪ್ರಕಟಿಸಿದರು. ಹುಡುಕಲು ಹೋದವರಲ್ಲಿ ಕನಿಷ್ಠ ಐವರು ಪ್ರಾಣ ಕಳೆದುಕೊಂಡರು. ‘ಎಂಬತ್ತರ ಹತ್ತಿರದ ನಾನು ಹೊತ್ತು ಹೋಗಿ ಇಟ್ಟ ಜಾಗ, ಅಪಾಯಕ್ಕೆ ಕೈಹಾಕಬೇಡಿ’ ಅಂತ ಫೆನ್ ಅಂಗಲಾಚಿದರೂ ಜನ ಕೇಳಲಿಲ್ಲ. 2020ರ ಜೂನಿನಲ್ಲಿ ವಯೋಮಿಂಗ್‌ನಲ್ಲಿ ಪೆಟ್ಟಿಗೆ ಸಿಕ್ಕಿತು, ಸಿಕ್ಕಿದ್ದು ಒಬ್ಬನೇ ಹುಡುಕುತ್ತಿದ್ದ ವೈದ್ಯಕೀಯ ವಿದ್ಯಾರ್ಥಿಗೆ. ಫೆನ್ ಅದೇ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಜೊತೆಗೂಡಿ ಬಿಡಿಸುವುದೇ ಮೇಲು ಅಂತ ನಾನು ಇಷ್ಟುದ್ದ ಬರೆದ ಮೇಲೆ ಈ ಹುಡುಗ ನನ್ನ ಮಾತು ಸುಳ್ಳು ಮಾಡುತ್ತಾನೆ. ಇರಲಿ.

ಪ್ರಶ್ನೆ: ನಮ್ಮೂರ ಹೊರಗೆ ಹಳೇ ಶಾಸನ ಇದೆ. ಮೇಲೆ ಸೂರ್ಯ, ಚಂದ್ರ, ಹಸು-ಕರು, ಕತ್ತಿ ಕೆತ್ತಿದ್ದಾರೆ. ‘ಮೂಡಲು ನಟ್ಟ ಕಲ್ಲು, ತೆಂಕಲು ಹುತ್ತ’ ಅಂತೆಲ್ಲ ಇದೆ, ‘ಗದ್ಯಾಣ’ ಅಂತಲೂ ಇದೆ. ಇದು ನಿಧಿಯ ಒಗಟು ಅಂತ ಹಿರಿಯರು ಹೇಳುತ್ತಾರೆ. ಹುಡುಗರೆಲ್ಲ ಸೇರಿ ವಾಟ್ಸಾಪ್ ಗ್ರೂಪ್ ಮಾಡಿದ್ದೇವೆ. ನೀವು ಬಿಡಿಸಿಕೊಡಿ, ನಿಮಗೂ ಒಂದು ಪಾಲು.
– ಹೆಸರು ಬೇಡ, ಚಿತ್ರದುರ್ಗ ಜಿಲ್ಲೆ

ಉತ್ತರ: ನನ್ನ ಪಾಲು ಈಗಲೇ ತೆಗೆದುಕೊಳ್ಳುತ್ತೇನೆ: ಗುದ್ದಲಿ ಕೆಳಗಿಡಿ.

ನೀವು ಬರೆದ ಸಾಲುಗಳು ಒಗಟಲ್ಲ ತಮ್ಮಾ, ಜಮೀನಿನ ಚೆಕ್ಕುಬಂದಿ. ಯಾರೋ ಯಾರಿಗೋ ಭೂಮಿ ದಾನ ಕೊಟ್ಟಿದ್ದಾರೆ, ಅದರ ನಾಲ್ಕು ದಿಕ್ಕಿನ ಎಲ್ಲೆ ಹೇಳಿದ್ದಾರೆ. ಇವತ್ತಿನ ಕ್ರಯಪತ್ರದಲ್ಲಿ ‘ಪೂರ್ವಕ್ಕೆ ಇಂಥವರ ಜಮೀನು, ದಕ್ಷಿಣಕ್ಕೆ ರಸ್ತೆ’ ಅಂತ ಇರುತ್ತದಲ್ಲ, ಅದೇ. ಗದ್ಯಾಣ ಆಗಿನ ಕಾಲದ ನಾಣ್ಯ. ದಾನವೋ ತೆರಿಗೆಯೋ ಎಷ್ಟು ಅಂತ ಬರೆದಿರುತ್ತಾರೆ, ಹೂತಿಟ್ಟದ್ದು ಎಷ್ಟು ಅಂತಲ್ಲ. ಸೂರ್ಯ-ಚಂದ್ರ ಇರುವುದು ಅವೆರಡೂ ಇರುವ ತನಕ ಈ ದಾನ ನಡೆಯಲಿ ಅಂತ. ಶಾಸನ ಪೂರ್ತಿ ಓದಿಸಿದರೆ ಕೊನೆಯಲ್ಲಿ ಶಾಪವೂ ಇದ್ದೀತು: ಇದನ್ನು ಅಳಿಸಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುತ್ತಾನೆ, ಅಥವಾ ಅರವತ್ತು ಸಾವಿರ ವರ್ಷ ಹೊಲಸಿನಲ್ಲಿ ಹುಳುವಾಗಿ ಹುಟ್ಟುತ್ತಾನೆ. ನಿಧಿ ಇಟ್ಟವರು ಕಲ್ಲಿನ ಮೇಲೆ ಊರಿಗೆಲ್ಲ ಕಾಣುವಂತೆ ಯಾಕೆ ಕೆತ್ತಿಸುತ್ತಾರೆ ಹೇಳಿ?

ತಮಾಷೆ ಸಾಕು. 2019ರ ಜುಲೈನಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ವ್ಯಾಸರಾಜರ ವೃಂದಾವನವನ್ನು ನಿಧಿಗಳ್ಳರು ರಾತ್ರೋರಾತ್ರಿ ಕೆಡವಿಹಾಕಿದರು. ತುಂಗಭದ್ರೆಯ ನಡುಗಡ್ಡೆಯಲ್ಲಿ ಶತಮಾನಗಳಿಂದ ನಿಂತಿದ್ದ ಕಲ್ಲು ಅದು. ಭಕ್ತರು ಕೂಡಲೇ ಮತ್ತೆ ಕಟ್ಟಿ ನಿಲ್ಲಿಸಿದರು, ಕಳ್ಳರು ಸಿಕ್ಕಿಬಿದ್ದರು. ಇನ್ನು ಕಾನೂನು: ಕರ್ನಾಟಕದ 1962ರ ನಿಧಿ ಕಾಯ್ದೆಯ ಪ್ರಕಾರ ಮಣ್ಣಿನಲ್ಲಿ ಹೂತಿಟ್ಟ ಬೆಲೆಬಾಳುವ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ನನಗೆ ಪಾಲು ಕೊಡುವ ಅಧಿಕಾರ ನಿಮಗಿಲ್ಲ!

ಗ್ರೂಪ್ ಮಾತ್ರ ಮುಚ್ಚಬೇಡಿ. ಅದಕ್ಕೆ ಒಳ್ಳೆಯ ಕೆಲಸ ಇದೆ. ನಮ್ಮ ನಾಡಿನ ಶಾಸನಗಳನ್ನು ಕೂಡಿಸಿಟ್ಟ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 11ನೇ ಸಂಪುಟ ಚಿತ್ರದುರ್ಗ ಜಿಲ್ಲೆಯದು. ಶಾಸನಗಳು ತಾಲೂಕುವಾರು, ಊರುವಾರು ಇವೆ, ಜಿಲ್ಲಾ ಗ್ರಂಥಾಲಯದಲ್ಲಿ ಕೇಳಿ ನೋಡಿ. ನಿಮ್ಮೂರಿನದು ಅದರಲ್ಲಿ ಇದ್ದರೆ ಓದಿ. ಇಲ್ಲದಿದ್ದರೆ ಇನ್ನೂ ಒಳ್ಳೆಯದು, ಹೊಸ ಶಾಸನ ಸಿಕ್ಕಂತೆ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕದಿಂದ ಓರೆಯಾಗಿ ಬಿಟ್ಟು ಫೋಟೊ ತೆಗೆಯಿರಿ, ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಸುಣ್ಣ, ಬಣ್ಣ ಬಳಿಯಬೇಡಿ. ಗ್ರೂಪಿನಲ್ಲಿ ಒಬ್ಬೊಬ್ಬರು ಒಂದೊಂದು ಸಾಲು ಹಂಚಿಕೊಂಡು ಓದಿ, ಹತ್ತಿರದ ಕಾಲೇಜಿನ ಇತಿಹಾಸದ ಮೇಷ್ಟ್ರಿಗೆ ತೋರಿಸಿ. ಆ ಹುತ್ತ, ಆ ನಟ್ಟ ಕಲ್ಲು ಇವತ್ತು ಯಾರ ಹೊಲದಲ್ಲಿವೆ ಅಂತ ಹುಡುಕಿದರೆ, ಅದಕ್ಕಿಂತ ಒಳ್ಳೆಯ ಟ್ರೆಷರ್ ಹಂಟ್ ತುಮಕೂರಿನ ಆ ಹುಡುಗಿಗೂ ಸಿಕ್ಕಿಲ್ಲ. ಏನು ಓದಿದಿರಿ ಅಂತ ನನಗೆ ಬರೆಯಿರಿ.

ಕಳೆದ ತಿಂಗಳ ಒಗಟು ಮತ್ತು ಉತ್ತರ

ಒಗಟು ಹೀಗಿತ್ತು:

ಮೂಡಲವರಿಗೆ ಬಸವ ನಾನು, ಪಡುವಲವರಿಗೆ ಬೆನಕ,
ತೆಂಕಲವರಿಗೆ ಲಿಂಗ ನಾನು, ಬಡಗಲವರಿಗೆ ಉರಗ.
ಒನಕೆ ಇಲ್ಲದ ಒರಳಿನೊಳಗೆ ಗಂಗೆ ಅಡಗಿ ಕೂತಾಳೆ,
ತೋಳು ಎಷ್ಟು ಉದ್ದ ಇರಲಿ, ಕೆಲವರಿಗಷ್ಟೇ ಸಿಕ್ಕಾಳೆ.

‘ಬಸವ’ ಕಂಡವರೇ ನಂದಿಬೆಟ್ಟಕ್ಕೆ ಓಡಿದವರು ಬಹಳ ಮಂದಿ. ಬೆನಕ ಅಲ್ಲೆಲ್ಲಿ ಅಂತ ಒಬ್ಬರೂ ಕೇಳಿಕೊಳ್ಳಲಿಲ್ಲ. ಶಿವಮೊಗ್ಗದ ಒಂದು ಕುಟುಂಬ ಗ್ರೂಪಿನವರು ತಮ್ಮ ಚರ್ಚೆಯನ್ನೇ ಪ್ರಿಂಟ್ ಹಾಕಿಸಿ ಕಳಿಸಿದ್ದಾರೆ. ಅದನ್ನು ಓದುವುದೇ ಒಂದು ಮಜಾ. ಅಳಿಯಂದಿರು ನಂದಿ ಅಂದರು, ಚಿಕ್ಕಪ್ಪ ಚಾಮುಂಡಿ ಅಂದರು, ಇಬ್ಬರೂ ಎರಡು ದಿನ ಪಟ್ಟು ಬಿಡಲಿಲ್ಲ. ಮೂರನೇ ದಿನ ದಾಬಸ್‌ಪೇಟೆಯಲ್ಲಿ ಸೊಸೆಯಾಗಿರುವ ಹುಡುಗಿ, ಅಲ್ಲಿಯವರೆಗೆ ಬರೀ ಹೆಬ್ಬೆಟ್ಟು ತೋರಿಸುತ್ತಿದ್ದವಳು, ‘ನಮ್ಮ ಮನೆ ಮಾಳಿಗೆಯಿಂದ ಕಾಣುವ ಬೆಟ್ಟದ ಬಗ್ಗೆಯೇ ಹೀಗೆ ಹೇಳುತ್ತಾರೆ’ ಅಂತ ಒಂದು ಸಾಲು ಬರೆದಳು. ಶಿವಗಂಗೆ! ನಾಲ್ಕು ದಿಕ್ಕಿನಿಂದ ನಾಲ್ಕು ರೂಪ ಕಾಣುತ್ತದೆ ಅನ್ನುವ ಬೆಟ್ಟ. ಅಷ್ಟಾದರೂ ಚಿಕ್ಕಪ್ಪ ಒಪ್ಪಲಿಲ್ಲ, ‘ಒರಳು ಎಲ್ಲಿ?’ ಅಂತ ಕೇಳಿದರು. ಅವರು ಹಾಗೆ ಕೇಳಿದ್ದಕ್ಕೇ ಉತ್ತರ ಪೂರ್ತಿಯಾದದ್ದು: ಬೆಟ್ಟ ಹತ್ತುವ ದಾರಿಯಲ್ಲಿ ಸಿಗುವ ಒಳಕಲ್ಲು ತೀರ್ಥ. ಬಂಡೆಯ ಗುಳಿಯೊಳಗೆ ಕೈ ಇಳಿಬಿಟ್ಟರೆ ಅದೃಷ್ಟ ಇದ್ದವರಿಗೆ ನೀರು ಸಿಗುತ್ತದೆ ಅನ್ನುವುದು ನಂಬಿಕೆ.

ಬೆಟ್ಟದ ಹೆಸರನ್ನಷ್ಟೇ ಬರೆದವರಿಗೆ ಅರ್ಧ ಅಂಕ. ಬಹುಮಾನದ ಪುಸ್ತಕಗಳು ಶಿವಮೊಗ್ಗದ ಗ್ರೂಪಿಗೆ ಹೋಗುತ್ತಿವೆ, ದಾಬಸ್‌ಪೇಟೆಯ ವಿಳಾಸಕ್ಕೆ. ಹಂಚಿಕೊಳ್ಳುವುದು ನಿಮ್ಮ ನಿಮ್ಮಲ್ಲಿ.